ಲಿಂಕ್ ಒತ್ತಿದರೆ ಬೇರೆ ಭಾಷೆಯ ಪುಟ ಬರುತ್ತಿದೆಯಾ? ತಪ್ಪು ಎಲ್ಲಿದೆ ಅಂತ ಹುಡುಕುವ ಬಗೆ

ಕನ್ನಡದಲ್ಲಿ ಓದುತ್ತಾ ಇರುವವರು "ಹಳೇಬೀಡಿನ ಬಗ್ಗೆ ಇನ್ನಷ್ಟು" ಅನ್ನುವ ಲಿಂಕ್ ಒತ್ತುತ್ತಾರೆ. ಬರುವುದು ಪೂರ್ತಿ ಇಂಗ್ಲಿಷ್ ಪುಟ. ಇಲ್ಲವೇ ಚೆನ್ನೈನಿಂದ ಬೇಲೂರಿಗೆ ಹೊರಟವರು "ತಮಿಳು" ಅಂತ ಇರುವ ಕಡೆ ಒತ್ತುತ್ತಾರೆ, ಕನ್ನಡ ಪುಟವೇ ಮತ್ತೆ ಬಂದು ನಿಲ್ಲುತ್ತದೆ. ಹಾಸನ, ಚಿಕ್ಕಮಗಳೂರು ಕಡೆಯ ಹೋಮ್‌ಸ್ಟೇಗಳು, ಕಾಫಿಪುಡಿ ಮಾರುವವರು, ದೇವಸ್ಥಾನ ತೋರಿಸುವ ಗೈಡ್‌ಗಳು, ಇಂಥವರ ಸೈಟ್ ನೋಡಿಕೊಳ್ಳುವ ಕೆಲಸ ನನ್ನದು. ಎರಡು ಮೂರು ಭಾಷೆ ಇರುವ ಸೈಟ್‌ಗಳಲ್ಲಿ ಈ ದೂರು ಬರುತ್ತಲೇ ಇರುತ್ತದೆ.

ಸಣ್ಣ ವಿಷಯ ಅಂತ ತಳ್ಳಿಹಾಕಬೇಡಿ. ಮಳೆಗಾಲದಲ್ಲಿ ಮೂಡಿಗೆರೆ, ಕಳಸದ ಕಡೆ ನೆಟ್‌ವರ್ಕ್ ಹೇಗಿರುತ್ತದೆ ಅಂತ ಗೊತ್ತಲ್ಲ. ಒಂದು ಪುಟಕ್ಕಾಗಿ ಅಷ್ಟು ಹೊತ್ತು ಕಾದವರಿಗೆ ಕೊನೆಗೆ ಓದಲು ಬಾರದ ಭಾಷೆ ಎದುರಾದರೆ ಅವರು ಮತ್ತೆ ನಿಮ್ಮ ಸೈಟಿಗೆ ಬರುವುದು ಅನುಮಾನ. ಒತ್ತುವ ಮೊದಲೇ "ಇದು ಇಂಗ್ಲಿಷ್ ಪುಟ" ಅಂತ ತಿಳಿದಿದ್ದರೆ ಬೇಕಿದ್ದವರು ಒತ್ತುತ್ತಾರೆ, ಬೇಡದವರು ಮುಂದಿನ ಸಾಲು ಓದುತ್ತಾರೆ.

ಭಾಷೆಗಳ ಕೋಡ್‌ಗಳ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಕನ್ನಡಕ್ಕೆ ಕೆಎನ್, ಇಂಗ್ಲಿಷ್‌ಗೆ ಇಎನ್ ಅಂತ ಇಲ್ಲಿ ಉಚ್ಚಾರಣೆಯಂತೆ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಹಾಕಬೇಕು.

ಮೊದಲು ಕೇಳಿಕೊಳ್ಳಬೇಕಾದ್ದು: ತಪ್ಪು ಮಾಹಿತಿ ಯಾರಿಗೆ ಹೋಗುತ್ತಿದೆ?

ಲಿಂಕಿನ ಭಾಷೆಯನ್ನು ಕೇಳಿಸಿಕೊಳ್ಳುವವರು ಮೂರು ಬಗೆ. ಓದುವವರ ಕಣ್ಣು, ಕಾಣದವರಿಗೆ ಓದಿ ಹೇಳುವ ಸ್ಕ್ರೀನ್ ರೀಡರ್, ಮತ್ತು ಗೂಗಲ್‌ನಂಥ ಹುಡುಕಾಟದ ಯಂತ್ರ. ಮೂವರೂ ನೋಡುವ ಜಾಗ ಬೇರೆ ಬೇರೆ. ಒಬ್ಬರಿಗೆ ಹಾಕಿದ ಗುರುತು ಇನ್ನೊಬ್ಬರಿಗೆ ಕಾಣುವುದೇ ಇಲ್ಲ. ಇದು ಗೊತ್ತಿಲ್ಲದೆ ಕೋಡ್ ಬದಲಿಸುತ್ತಾ ಕೂತರೆ ದಿನ ಹೋಗುತ್ತದೆ, ದೋಷ ಹೋಗುವುದಿಲ್ಲ.

ಕಣ್ಣಿಗೆ ಕಾಣುವುದು ಲಿಂಕಿನ ಪಠ್ಯ, ಅಷ್ಟೇ. ಸ್ಕ್ರೀನ್ ರೀಡರ್ ಯಾವ ದನಿಯಲ್ಲಿ ಓದಬೇಕು ಅಂತ ತಿಳಿಯಲು ಲ್ಯಾಂಗ್ ಅನ್ನುವ ಗುರುತನ್ನು ನೋಡುತ್ತದೆ. ಲಿಂಕಿನ ಮೇಲೆ ಲ್ಯಾಂಗ್ ಹಾಕಿದರೆ ಅದು ಹೇಳುವುದು ಲಿಂಕಿನಲ್ಲಿ ಬರೆದ ಪದಗಳ ಭಾಷೆಯನ್ನು. ಆ ಕಡೆ ಇರುವ ಪುಟದ ಭಾಷೆ ಹೇಳಲು ಇರುವುದು ಎಚ್‌ರೆಫ್‌ಲ್ಯಾಂಗ್. ಇದು 1997ರ ಎಚ್‌ಟಿಎಂಎಲ್ 4.0 ಕಾಲದಿಂದಲೂ ಇದೆ. ಗೂಗಲ್ ನೋಡುವುದು ಪುಟದ ತಲೆಭಾಗದಲ್ಲಿ, ಅಂದರೆ ಹೆಡ್ ಒಳಗೆ, ಬರೆಯುವ ಇನ್ನೊಂದು ಬಗೆಯ ಲಿಂಕ್ ಸಾಲುಗಳನ್ನು. ಹೆಸರು ಅದೇ ಎಚ್‌ರೆಫ್‌ಲ್ಯಾಂಗ್, ಜಾಗ ಬೇರೆ, ಕೆಲಸವೂ ಬೇರೆ. ಅರ್ಧ ಗೊಂದಲ ಹುಟ್ಟುವುದು ಇಲ್ಲೇ.

ಇನ್ನೊಂದು ಮಾತು ಮನಸ್ಸಿನಲ್ಲಿರಲಿ. ಲಿಂಕಿನ ಮೇಲೆ ಹಾಕುವ ಎಚ್‌ರೆಫ್‌ಲ್ಯಾಂಗ್ ಬರೀ ಸೂಚನೆ. ಎಚ್‌ಟಿಎಂಎಲ್ ನಿಯಮವೇ ಹಾಗೆ ಹೇಳುತ್ತದೆ: ಪುಟ ತೆರೆದ ಮೇಲೆ ಬ್ರೌಸರ್ ನಂಬಬೇಕಾದ್ದು ಆ ಪುಟ ತನ್ನ ಬಗ್ಗೆ ಹೇಳಿಕೊಂಡಿದ್ದನ್ನು, ಲಿಂಕ್ ಹೇಳಿದ್ದನ್ನಲ್ಲ. ನೀವು ಕೆಎನ್ ಅಂತ ಹಾಕಿದ ಮಾತ್ರಕ್ಕೆ ಆ ಕಡೆ ಕನ್ನಡ ಪುಟ ಹುಟ್ಟಿಕೊಳ್ಳುವುದಿಲ್ಲ. ಸರ್ವರ್ ಕನ್ನಡ ಪುಟವನ್ನು ಹುಡುಕಿ ಕೊಡುವುದೂ ಇಲ್ಲ.

ಎಚ್‌ರೆಫ್‌ಲ್ಯಾಂಗ್ ಹಾಕಿದ್ದೇನೆ, ಪುಟದಲ್ಲಿ ಏನೂ ಕಾಣುತ್ತಿಲ್ಲ

ಕಾಣದಿರುವುದೇ ಸರಿ. ಇದು ದೋಷವೇ ಅಲ್ಲ. ಬ್ರೌಸರ್‌ಗಳು ಇದನ್ನು ಓದುಗರಿಗೆ ತೋರಿಸುವುದಿಲ್ಲ. ತೋರಿಸಬೇಕು ಅಂದರೆ ಎರಡು ದಾರಿ: ಲಿಂಕಿನಲ್ಲೇ ಬರೆಯುವುದು, ಇಲ್ಲವೇ ಸಿಎಸ್‌ಎಸ್‌ನಿಂದ, ಅಂದರೆ ಪುಟದ ರೂಪ ಹೇಳುವ ಕೋಡಿನಿಂದ, ಲಿಂಕಿನ ಮುಂದೆ ಪದ ಸೇರಿಸುವುದು.

ನನ್ನ ಅಭಿಪ್ರಾಯ ಮುಚ್ಚಿಡುವುದಿಲ್ಲ: ಲಿಂಕಿನಲ್ಲೇ ಬರೆಯಿರಿ. "ಹಲ್ಮಿಡಿ ಶಾಸನ (ಇಂಗ್ಲಿಷ್ ಪುಟ)" ಅಂತ. ಪಿಡಿಎಫ್ ಆದರೆ "(ಇಂಗ್ಲಿಷ್, ಪಿಡಿಎಫ್)" ಅಂತ. ಇದು ಎಲ್ಲ ಫೋನಿನಲ್ಲೂ ಕಾಣುತ್ತದೆ, ಕಾಪಿ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಹಾಕಿದರೂ ಜೊತೆಗೇ ಹೋಗುತ್ತದೆ, ಸ್ಕ್ರೀನ್ ರೀಡರ್ ಕೂಡ ಓದುತ್ತದೆ. ಸಿಎಸ್‌ಎಸ್ ಲೋಡ್ ಆಗದಿದ್ದರೂ ಉಳಿಯುತ್ತದೆ. ಆ ಆವರಣದ ಪದಗಳನ್ನು ಲಿಂಕಿನ ಒಳಗೇ ಇಡಿ, ಹೊರಗೆ ಬೇಡ. ಸ್ಕ್ರೀನ್ ರೀಡರ್ ಬಳಸುವವರು ಪುಟದ ಲಿಂಕ್‌ಗಳನ್ನಷ್ಟೇ ಪಟ್ಟಿ ಮಾಡಿಸಿ ಕೇಳುತ್ತಾರೆ, ಹೊರಗಿದ್ದರೆ ಆ ಪಟ್ಟಿಯಲ್ಲಿ ಬರುವುದಿಲ್ಲ. ಎಲ್ಲ ಲಿಂಕಿಗೂ ಹಾಕಬೇಕಿಲ್ಲ. ಈಗ ಓದುತ್ತಿರುವ ಪುಟದ ಭಾಷೆಗಿಂತ ಬೇರೆ ಭಾಷೆಗೆ ಕರೆದೊಯ್ಯುವ ಲಿಂಕಿಗೆ ಮಾತ್ರ ಸಾಕು. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವಲ್ಲ, ಆಮೇಲೆ ನಮ್ಮ ಕಡೆಯ ಸೈಟ್‌ಗಳಲ್ಲಿ ಯುನೆಸ್ಕೋ ಪುಟದ ಲಿಂಕ್ ನೋಡುತ್ತಿರುತ್ತೇನೆ. ಅದು ಇಂಗ್ಲಿಷ್ ಪುಟ ಅಂತ ಪಕ್ಕದಲ್ಲಿ ಒಂದು ಪದ ಬರೆದವರು ಕಡಿಮೆ.

ಪುಟಗಳು ನೂರಾರು ಇವೆ, ಒಂದೊಂದಾಗಿ ತಿದ್ದಲು ಆಗಲ್ಲ ಅನ್ನುವವರು ಸಿಎಸ್‌ಎಸ್ ದಾರಿ ಹಿಡಿಯುತ್ತಾರೆ. ಅದರಲ್ಲಿ ಕೆಡುವ ಜಾಗಗಳು ಮೂರ್ನಾಲ್ಕು ಇವೆ.

ಕನ್ನಡ ಪುಟದಲ್ಲಿ ಎಲ್ಲ ಲಿಂಕಿನ ಮುಂದೆಯೂ "ಕನ್ನಡ" ಅಂತಲೇ ಬರುತ್ತಿದೆ, ಇಂಗ್ಲಿಷ್ ಪುಟಕ್ಕೆ ಹೋಗುವ ಲಿಂಕಿನ ಮುಂದೆಯೂ ಅದೇ, ಅಂದರೆ ಅಲ್ಲಿ ಕೋಲನ್ ಹಾಕಿ ಬರೆಯುವ ಲ್ಯಾಂಗ್ ಸೆಲೆಕ್ಟರ್ (ಯಾವ ಲಿಂಕಿಗೆ ಗುರುತು ಬರಬೇಕು ಅಂತ ಆರಿಸುವ ಸಾಲು) ಬಳಸಿದ್ದಾರೆ ಅಂತಲೇ ಲೆಕ್ಕ. ಅದು ನೋಡುವುದು ಲಿಂಕಿನ ಪದಗಳ ಭಾಷೆಯನ್ನು. ಪುಟದ ಮೇಲೆ ಕೆಎನ್ ಅಂತ ಇದ್ದರೆ ಒಳಗಿನ ಎಲ್ಲದಕ್ಕೂ ಅದೇ ಇಳಿದು ಬರುತ್ತದೆ. ಬೇಕಾಗಿರುವುದು ಚೌಕ ಆವರಣದೊಳಗೆ ಎಚ್‌ರೆಫ್‌ಲ್ಯಾಂಗ್ ಹೆಸರು ಬರೆಯುವ ಸೆಲೆಕ್ಟರ್.

ಕೆಲವು ಲಿಂಕಿಗೆ ಗುರುತು ಬರುತ್ತಿದೆ, ಕೆಲವಕ್ಕೆ ಇಲ್ಲ ಅಂತಾದರೆ ಹೋಲಿಕೆಯ ಚಿಹ್ನೆ ನೋಡಿ. ಬರೀ ಸಮ ಚಿಹ್ನೆ ಹಾಕಿ ಇಎನ್ ಅಂತ ಕೇಳಿದರೆ ಇಎನ್ ಮಾತ್ರ ಸಿಗುತ್ತದೆ. ಇಎನ್-ಐಎನ್, ಅಂದರೆ ಭಾರತದ ಇಂಗ್ಲಿಷ್, ಅಂತ ಬರೆದ ಲಿಂಕ್ ತಪ್ಪಿಸಿಕೊಳ್ಳುತ್ತದೆ. ಸಮ ಚಿಹ್ನೆಗಿಂತ ಮೊದಲು ನೇರ ಗೆರೆ ಹಾಕಿದರೆ ಇಎನ್ ಕೂಡ ಸಿಗುತ್ತದೆ, ಇಎನ್ ಆದಮೇಲೆ ಹೈಫನ್ ಇರುವುದೂ ಸಿಗುತ್ತದೆ. "ಇದರಿಂದ ಶುರುವಾಗುವುದೆಲ್ಲ" ಅನ್ನುವ ಟೋಪಿ ಚಿಹ್ನೆ ಹಾಕಬೇಡಿ. ಕೊರಿಯನ್ ಭಾಷೆಯ ಕೋಡ್ ಕೆಒ, ಕೊಂಕಣಿಯ ಕೋಡ್ ಕೆಒಕೆ. ಟೋಪಿ ಹಾಕಿದರೆ ಕೊಂಕಣಿ ಪುಟದ ಮುಂದೆ ಕೊರಿಯನ್ ಅಂತ ಬರುತ್ತದೆ.

ಲಿಂಕಿನ ಮುಂದೆ ಬರೀ "ಎಚ್‌ಐ", "ಟಿಎ" ಅಂತ ಇಂಗ್ಲಿಷ್ ಅಕ್ಷರ ಕಾಣುತ್ತಿದ್ದರೆ ಸಿಎಸ್‌ಎಸ್ ಕೋಡನ್ನೇ ಎತ್ತಿ ತೋರಿಸುತ್ತಿದೆ. ಟಿಎ ಅಂದರೆ ತಮಿಳು ಅಂತ ಓದುಗರಿಗೆ ಹೇಗೆ ಗೊತ್ತಾಗಬೇಕು? ಒಂದೊಂದು ಭಾಷೆಗೂ ಒಂದೊಂದು ಸಾಲು ಬರೆದು ಪೂರ್ತಿ ಹೆಸರು ಹಾಕಿ. ಆ ಹೆಸರು ಈಗಿನ ಪುಟದ ಭಾಷೆಯಲ್ಲಿರಲಿ. ಅಂದರೆ ಕನ್ನಡ ಪುಟಕ್ಕೆ ಒಂದು ಪಟ್ಟಿ, ಇಂಗ್ಲಿಷ್ ಪುಟಕ್ಕೆ ಇನ್ನೊಂದು ಬೇಕು. ಇಷ್ಟೆಲ್ಲ ಮಾಡುವ ಹೊತ್ತಿಗೆ ಲಿಂಕಿನಲ್ಲೇ ಬರೆದಿದ್ದರೆ ಮುಗಿದಿರುತ್ತಿತ್ತು, ಅಲ್ವಾ?

ಕೊನೆಯದು, ಎಚ್‌ರೆಫ್‌ಲ್ಯಾಂಗ್ ಹಾಕಿ ಸೇವ್ ಮಾಡಿದ್ದೀರಿ, ಆದರೂ ಏನೂ ಆಗಲಿಲ್ಲ. ಆಗ ಅದೇ ಪುಟವನ್ನು ಎಡಿಟರ್‌ನಲ್ಲಿ ಮತ್ತೆ ತೆರೆದು ಕೋಡ್ ನೋಡಿ. ಕೆಲವು ಎಡಿಟರ್‌ಗಳು ತಮಗೆ ಗೊತ್ತಿಲ್ಲದ ಗುರುತುಗಳನ್ನು ಸೇವ್ ಮಾಡುವಾಗ ಸದ್ದಿಲ್ಲದೆ ಕಿತ್ತುಹಾಕುತ್ತವೆ. ಎಚ್‌ರೆಫ್ ಇರುತ್ತದೆ, ಎಚ್‌ರೆಫ್‌ಲ್ಯಾಂಗ್ ಮಾಯವಾಗಿರುತ್ತದೆ. ಒಬ್ಬ ಬಳಕೆದಾರರ ಲಾಗಿನ್‌ನಲ್ಲಿ ಉಳಿದು ಇನ್ನೊಬ್ಬರ ಲಾಗಿನ್‌ನಲ್ಲಿ ಹೋಗುತ್ತಿದ್ದರೆ ಅದು ಅನುಮತಿಯ ವಿಷಯ, ಸೈಟಿನ ಅಡ್ಮಿನ್ ಕೈಯಲ್ಲಿ ಸರಿಮಾಡಿಸಬೇಕು.

ಕನ್ನಡ ಅಂತ ಹಾಕಿದ್ದಕ್ಕೆ ಜಾರ್ಜಿಯನ್ ಅಂತ ತೋರಿಸುತ್ತಿದೆ

ನಮ್ಮ ಕಡೆ ಇದು ಪದೇ ಪದೇ ಸಿಗುವ ತಪ್ಪು. ಹಾಸನದ ಗಾಡಿ ನಂಬರು ಕೆಎ-13, ಚಿಕ್ಕಮಗಳೂರಿನದು ಕೆಎ-18, ಸಕಲೇಶಪುರದ್ದು ಕೆಎ-46. ದಿನಾ ಕಣ್ಣಿಗೆ ಬೀಳುವ ಆ ಕೆಎ ಕೈಗೆ ತಾನಾಗಿ ಬಂದುಬಿಡುತ್ತದೆ, ಕನ್ನಡಕ್ಕೂ ಅದೇ ಇರಬೇಕು ಅಂತ ಹಾಕಿಬಿಡುತ್ತಾರೆ. ಭಾಷೆಯ ಕೋಡ್‌ಗಳ ಪಟ್ಟಿಯಲ್ಲಿ ಕೆಎ ಅಂದರೆ ಜಾರ್ಜಿಯನ್, ಕಾಕಸಸ್ ಪರ್ವತಗಳ ಪಕ್ಕದ ಜಾರ್ಜಿಯಾ ದೇಶದ ಭಾಷೆ. ಕನ್ನಡದ್ದು ಕೆಎನ್. ಕೆಎ ಕೂಡ ಸರಿಯಾದ ಕೋಡೇ ಆಗಿರುವುದರಿಂದ ಕೋಡ್ ಪರೀಕ್ಷಿಸುವ ವ್ಯಾಲಿಡೇಟರ್ ಕೂಡ ತಪ್ಪು ಅಂತ ಹೇಳದೆ ಇರಬಹುದು. ಅದಕ್ಕೇ ಇದು ವರ್ಷಗಟ್ಟಲೆ ಹಾಗೇ ಕೂತಿರುತ್ತದೆ.

ಈ ಕೋಡ್‌ಗಳ ನಿಯಮಕ್ಕೆ ಬಿಸಿಪಿ 47 ಅಂತ ಹೆಸರು, ಅದರ ಈಗಿನ ರೂಪ 2009ರ ಆರ್‌ಎಫ್‌ಸಿ 5646. ಕೋಡ್‌ಗಳ ಪಟ್ಟಿ ಇರುವುದು ಐಎಎನ್‌ಎ ಎಂಬ ಸಂಸ್ಥೆಯ ಬಳಿ. ಮೊದಲು ಭಾಷೆ, ಬೇಕಿದ್ದರೆ ಲಿಪಿ, ಆಮೇಲೆ ಬೇಕಿದ್ದರೆ ದೇಶ. ನಡುವೆ ಹೈಫನ್. ಈ ಸರದಿ ಉಲ್ಟಾ ಆದರೆ ಅರ್ಥ ಎಲ್ಲಿಗೋ ಹೋಗುತ್ತದೆ. ಕೆಎನ್-ಐಎನ್ ಅಂತ ಬರೆಯಬೇಕಾದ್ದನ್ನು ಐಎನ್-ಕೆಎನ್ ಅಂತ ತಿರುಗಿಸಿದ್ದನ್ನು ನೋಡಿದ್ದೇನೆ. ಭಾಷೆಯ ಜಾಗದಲ್ಲಿ ಐಎನ್ ಅಂದರೆ ಇಂಡೋನೇಷ್ಯನ್ ಭಾಷೆಯ ಹಳೆಯ, ಈಗ ಬಿಟ್ಟಿರುವ ಕೋಡ್. ದೇಶದ ಜಾಗದಲ್ಲಿ ಕೆಎನ್ ಅಂದರೆ ಕೆರಿಬಿಯನ್ ಸಮುದ್ರದ ಸೇಂಟ್ ಕಿಟ್ಸ್ ಮತ್ತು ನೆವಿಸ್. ಅಲ್ಲಿಗೆ ಮುಗಿಯಿತು.

ಹೈಫನ್ ಬದಲು ಅಂಡರ್‌ಸ್ಕೋರ್ ಹಾಕುವುದೂ ಸಾಮಾನ್ಯ. ಪ್ರೋಗ್ರಾಂಗಳ ಒಳಗೆ, ಸೆಟ್ಟಿಂಗ್ ಫೈಲ್‌ಗಳಲ್ಲಿ ಅಂಡರ್‌ಸ್ಕೋರ್ ಇರುವ ಲೊಕೇಲ್ (ಭಾಷೆ ಮತ್ತು ದೇಶ ಸೇರಿದ) ಹೆಸರು ನಡೆಯುತ್ತದೆ. ಅದನ್ನು ಹಾಗೇ ತಂದು ಪುಟದಲ್ಲಿ ಸುರಿದರೆ ಕೆಡುತ್ತದೆ. ಜಪಾನಿ ಭಾಷೆಗೆ ಜೆಪಿ ಅಂತ ಹಾಕಬೇಡಿ, ಅದು ದೇಶ, ಭಾಷೆ ಜೆಎ. ಯುಕೆ ಅಂತ ಭಾಷೆಯ ಜಾಗದಲ್ಲಿ ಹಾಕಿದರೆ ಉಕ್ರೇನಿಯನ್ ಆಗುತ್ತದೆ. ಬ್ರಿಟಿಷ್ ಇಂಗ್ಲಿಷ್ ಬೇಕಿದ್ದರೆ ಇಎನ್-ಜಿಬಿ.

ದೇಶವನ್ನು ಸೇರಿಸಲೇಬೇಕಾ ಅಂತ ಕೇಳುತ್ತಾರೆ. ಬೇಡ. ನಿಮ್ಮದು ಒಂದೇ ಕನ್ನಡ ಪುಟವಾದರೆ ಕೆಎನ್ ಸಾಕು. ಭಾರತಕ್ಕೆ ಒಂದು ಇಂಗ್ಲಿಷ್ ಪುಟ, ಅಮೆರಿಕಕ್ಕೆ ಡಾಲರ್ ಬೆಲೆ ಇರುವ ಇನ್ನೊಂದು ಇಂಗ್ಲಿಷ್ ಪುಟ ಅಂತ ಇದ್ದರೆ ಮಾತ್ರ ದೇಶ ಬೇಕಾಗುತ್ತದೆ. ಕಾಫಿಪುಡಿಯನ್ನು ಹೊರದೇಶಕ್ಕೆ ಕಳಿಸುವವರಿಗೆ ಇದು ಕೆಲಸಕ್ಕೆ ಬರಬಹುದು. ಲಿಪಿಯೂ ಹಾಗೇ. ಕನ್ನಡವನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದರೆ ಲಿಪಿಯ ಕೋಡ್ ಹಾಕುವ ಅಗತ್ಯವಿಲ್ಲ, ಆ ಪಟ್ಟಿಯಲ್ಲೇ ಹಾಗೆ ಹೇಳಿದೆ. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಪುಟಕ್ಕಾದರೆ ಕೆಎನ್ ಆದಮೇಲೆ ಲ್ಯಾಟಿನ್ ಲಿಪಿಯ ಕೋಡ್ ಸೇರಿಸಬೇಕು. ತುಳುವಿಗೆ ಟಿಸಿವೈ, ಕೊಡವ ಭಾಷೆಗೆ ಕೆಎಫ್‌ಎ ಅಂತ ಬೇರೆ ಕೋಡ್‌ಗಳಿವೆ. ಕನ್ನಡ ಲಿಪಿಯಲ್ಲಿದೆ ಅಂತ ತುಳು ಪುಟಕ್ಕೆ ಕೆಎನ್ ಹಾಕಬೇಡಿ.

ಒಂದು ಪುಟದಲ್ಲಿ ಎರಡು ಭಾಷೆ ಇದ್ದರೆ? ಎಚ್‌ರೆಫ್‌ಲ್ಯಾಂಗ್‌ಗೆ ಒಂದೇ ಕೋಡ್ ಹಾಕಬಹುದು. ಕಾಮಾ ಹಾಕಿ ಎರಡು ಬರೆದರೆ ಅದು ತಪ್ಪು. ಅಂಥ ಕಡೆ ಎಚ್‌ರೆಫ್‌ಲ್ಯಾಂಗ್ ಬಿಟ್ಟು, ಲಿಂಕಿನಲ್ಲಿ "ಕನ್ನಡ ಮತ್ತು ಇಂಗ್ಲಿಷ್" ಅಂತ ಬರೆದುಬಿಡಿ.

ಗುರುತು ಸರಿ ಇದೆ, ತೆರೆದುಕೊಳ್ಳುವ ಪುಟ ಮಾತ್ರ ಬೇರೆ ಭಾಷೆಯದು

ಇಲ್ಲಿ ಲಿಂಕನ್ನು ತಿದ್ದಿ ಪ್ರಯೋಜನವಿಲ್ಲ, ದೋಷ ಸರ್ವರ್ ಕಡೆ ಇರುತ್ತದೆ. ಬ್ರೌಸರ್ ಪ್ರತಿ ಪುಟ ಕೇಳುವಾಗಲೂ ಅಕ್ಸೆಪ್ಟ್-ಲ್ಯಾಂಗ್ವೇಜ್ ಅನ್ನುವ ಹೆಡರ್‌ನಲ್ಲಿ (ಕಣ್ಣಿಗೆ ಕಾಣದೆ ಜೊತೆಗೆ ಹೋಗುವ ಸಣ್ಣ ಟಿಪ್ಪಣಿ) "ನನಗೆ ಈ ಭಾಷೆ ಇಷ್ಟ" ಅಂತ ಕಳಿಸುತ್ತದೆ. ಕೆಲವು ಸೈಟ್‌ಗಳು ಅದನ್ನು ನೋಡಿ ಓದುಗರನ್ನು ತಾವೇ ಬೇರೆ ಪುಟಕ್ಕೆ ತಳ್ಳುತ್ತವೆ. ಫೋನಿನ ಭಾಷೆ ಇಂಗ್ಲಿಷ್ ಇಟ್ಟುಕೊಂಡು ಕನ್ನಡ ಓದುವವರು ನಮ್ಮಲ್ಲಿ ಎಷ್ಟೊಂದು ಜನ ಇದ್ದಾರೆ! ಅವರು "ಕನ್ನಡ" ಒತ್ತಿದರೂ ಸೈಟು ಅವರನ್ನು ಇಂಗ್ಲಿಷ್‌ಗೆ ಎಳೆದುಕೊಂಡು ಹೋಗುತ್ತದೆ.

ಪರೀಕ್ಷೆ ಹೀಗೆ ಮಾಡಿ. ಪ್ರೈವೇಟ್ ವಿಂಡೋ ತೆರೆದು ಲಿಂಕಿನ ವಿಳಾಸವನ್ನು ನೇರವಾಗಿ ಹಾಕಿ. ಪುಟ ಬಂದ ಮೇಲೆ ವಿಳಾಸದ ಪಟ್ಟಿಯಲ್ಲಿ ನೀವು ಹಾಕಿದ್ದೇ ಇದೆಯಾ ನೋಡಿ. ಬದಲಾಗಿದ್ದರೆ ರೀಡೈರೆಕ್ಟ್ ಆಗಿದೆ, ಅಂದರೆ ಸೈಟು ನಿಮ್ಮನ್ನು ಬೇರೆ ವಿಳಾಸಕ್ಕೆ ಕಳಿಸಿದೆ. ಬ್ರೌಸರ್ ಸೆಟ್ಟಿಂಗ್‌ನಲ್ಲಿ ಭಾಷೆಗಳ ಸರದಿ ಬದಲಿಸಿ, ಕನ್ನಡ ಮೇಲೆ ತಂದು, ಹೊಸ ಪ್ರೈವೇಟ್ ವಿಂಡೋದಲ್ಲಿ ಮತ್ತೆ ಅದೇ ವಿಳಾಸ ಹಾಕಿ. ಈಗ ಬೇರೆ ಪುಟ ಬಂದರೆ ಕಾರಣ ಸಿಕ್ಕಿತು. ಕರ್ಲ್ (ಕಮಾಂಡ್ ಟೈಪ್ ಮಾಡಿ ಪುಟ ತರಿಸುವ ಸಾಧನ) ಬಳಸಲು ಬರುವವರು ಹೆಡರ್ ಬದಲಿಸಿ ಎರಡು ಸಲ ಕೇಳಿದರೆ ಇನ್ನೂ ಬೇಗ ತಿಳಿಯುತ್ತದೆ.

ಪ್ರೈವೇಟ್ ವಿಂಡೋದಲ್ಲಿ ಸರಿ ಇದ್ದು ಮಾಮೂಲಿ ವಿಂಡೋದಲ್ಲಿ ಮಾತ್ರ ತಪ್ಪಾದರೆ ಕುಕಿ (ಸೈಟು ಬ್ರೌಸರ್‌ನಲ್ಲಿ ಇಟ್ಟ ನೆನಪಿನ ಚೀಟಿ) ಅಥವಾ ಕ್ಯಾಶ್ (ಉಳಿಸಿಟ್ಟ ಹಳೆಯ ಪ್ರತಿ) ಮೇಲೆ ಅನುಮಾನ ಪಡಿ. ಒಮ್ಮೆ ಕನ್ನಡ ಆರಿಸಿದವರ ಕುಕಿಯಲ್ಲಿ ಅದು ಕೂತಿರುತ್ತದೆ. ಆಮೇಲೆ ಅವರು ಇಂಗ್ಲಿಷ್ ಪುಟದ ವಿಳಾಸವನ್ನೇ ಒತ್ತಿದರೂ ಸರ್ವರ್ ಕುಕಿ ನೋಡಿ ವಾಪಸ್ ಕನ್ನಡಕ್ಕೆ ಕಳಿಸುತ್ತದೆ. ಇಲ್ಲಿ ನನ್ನ ನಿಲುವು ಗಟ್ಟಿ: ಓದುಗರು ಒತ್ತಿದ ವಿಳಾಸದ ಮಾತೇ ಕೊನೆಯ ಮಾತು. ಕುಕಿ, ಫೋನಿನ ಭಾಷೆ, ಊರು, ಇವುಗಳ ಊಹೆ ಮುಖಪುಟದ ಬಾಗಿಲವರೆಗೆ ಮಾತ್ರ ಇರಲಿ. ಒಳಗಿನ ಪುಟಕ್ಕೆ ಬಂದವರನ್ನು ಎಲ್ಲಿಗೂ ತಳ್ಳಬೇಡಿ. "ಈ ಪುಟ ಕನ್ನಡದಲ್ಲೂ ಇದೆ" ಅಂತ ಮೇಲೊಂದು ಸಾಲು ತೋರಿಸಿದರೆ ಆಯಿತು.

ರೀಡೈರೆಕ್ಟ್ ಇಡಲೇಬೇಕಾದರೆ ತಾತ್ಕಾಲಿಕ ಅನ್ನುವ 302 ಇಡಿ, 301 ಬೇಡ. 301 ಅಂದರೆ "ಶಾಶ್ವತವಾಗಿ ಬದಲಾಗಿದೆ" ಅಂತ. ಬ್ರೌಸರ್ ಅದನ್ನು ನೆನಪಿಟ್ಟುಕೊಳ್ಳುತ್ತದೆ, ನೀವು ಸರ್ವರ್‌ನಲ್ಲಿ ಸರಿಮಾಡಿದ ಮೇಲೂ ಆ ಓದುಗರ ಫೋನಿನಲ್ಲಿ ಹಳೆಯ ದಾರಿಯೇ ನಡೆಯುತ್ತಿರಬಹುದು. ಒಂದೇ ವಿಳಾಸದಲ್ಲಿ ಭಾಷೆ ನೋಡಿ ಬೇರೆ ಬೇರೆ ಪುಟ ಕೊಡುವ ಸೈಟಾದರೆ ಸರ್ವರ್ ಕಳಿಸುವ ವೇರಿ ಹೆಡರ್‌ನಲ್ಲಿ ಅಕ್ಸೆಪ್ಟ್-ಲ್ಯಾಂಗ್ವೇಜ್ ಹೆಸರು ಇರಲೇಬೇಕು. ಇಲ್ಲದಿದ್ದರೆ ನಡುವಿನ ಕ್ಯಾಶ್ ಮೊದಲು ಬಂದವರ ಭಾಷೆಯ ಪುಟವನ್ನೇ ಆಮೇಲೆ ಬಂದವರಿಗೆಲ್ಲ ಹಂಚುತ್ತದೆ. "ಬೆಳಿಗ್ಗೆ ಕನ್ನಡ ಬರುತ್ತೆ, ಸಂಜೆ ಇಂಗ್ಲಿಷ್ ಬರುತ್ತೆ" ಅನ್ನುವ ವಿಚಿತ್ರ ದೂರು ಬಂದರೆ ಮೊದಲು ಇದನ್ನೇ ನೋಡಿ. ಅಂಥ ವಿಳಾಸಕ್ಕೆ ಹೋಗುವ ಲಿಂಕಿಗೆ ಎಚ್‌ರೆಫ್‌ಲ್ಯಾಂಗ್ ಹಾಕಲೂಬಾರದು, ಯಾವ ಭಾಷೆ ಬರುತ್ತದೆ ಅಂತ ನಿಮಗೇ ಗೊತ್ತಿಲ್ಲವಲ್ಲ.

ಪುಟದೊಳಗೇ ಯಂತ್ರದಿಂದ ಅನುವಾದಿಸಿ ತೋರಿಸುವ ಬಟನ್‌ಗಳಿಗೂ ಇದೇ ಮಾತು. ವಿಳಾಸ ಬದಲಾಗದಿದ್ದರೆ ಅಲ್ಲಿ ಬೇರೆ ಪುಟವೇ ಇಲ್ಲ.

ಹೆಸರಿಗೆ ಕನ್ನಡ ಪಿಡಿಎಫ್, ಹುಡುಕಿದರೆ ಒಂದಕ್ಷರ ಸಿಗಲ್ಲ

ಇದು ಲಿಂಕಿನ ದೋಷದ ಹಾಗೆ ಕಾಣುತ್ತದೆ, ಆದರೆ ಅಲ್ಲ. ಲಿಂಕ್ ಒತ್ತಿದಾಗ ಬರುವ ಪಿಡಿಎಫ್ ಕಣ್ಣಿಗೆ ಚೆನ್ನಾಗಿ ಕನ್ನಡವೇ. ಒಳಗೆ "ಕನ್ನಡ" ಅಂತ ಹುಡುಕಿ. ಸಿಗದಿದ್ದರೆ ಒಂದು ಪದ ಕಾಪಿ ಮಾಡಿ ಎಲ್ಲಾದರೂ ಅಂಟಿಸಿ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ್ದಾದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. "ಕನ್ನಡ" ಅನ್ನುವ ಪದವನ್ನೇ ಅಂಟಿಸಿದರೆ ನಡುವೆ ಬ್ರಿಟಿಷ್ ಪೌಂಡಿನ ಚಿಹ್ನೆ ಇರುತ್ತದೆ, ಅಕ್ಕಪಕ್ಕದಲ್ಲಿ ತಲೆಯ ಮೇಲೆ ಓರೆಗೆರೆ ಇರುವ ದೊಡ್ಡ ಎ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಜಾಗವಿದೆ. ಹಳೆಯ ಫಾಂಟುಗಳು ಆ ಜಾಗ ಬಿಟ್ಟು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚಿತ್ರಗಳನ್ನು ಕೂರಿಸಿದ್ದವು. ಲಿಂಕಿಗೆ ಕೆಎನ್ ಹಾಕಿದರೂ ಗೂಗಲ್‌ಗೆ ಅದು ಕನ್ನಡ ಅಂತ ತಿಳಿಯುವುದಿಲ್ಲ, ಸ್ಕ್ರೀನ್ ರೀಡರ್‌ಗೂ ಓದಲು ಆಗುವುದಿಲ್ಲ. ಮದ್ದು ಒಂದೇ, ಮೂಲ ಫೈಲನ್ನು ಯೂನಿಕೋಡ್‌ಗೆ ಬದಲಿಸಿ ಪಿಡಿಎಫ್ ಹೊಸದಾಗಿ ಮಾಡುವುದು. ಪರಿವರ್ತಕಗಳಿವೆ. ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನು ಮಾತ್ರ ಕಣ್ಣಿಟ್ಟು ನೋಡಿ, ಕೆಡುವುದು ಅಲ್ಲೇ.

ಸ್ಕ್ರೀನ್ ರೀಡರ್ ಭಾಷೆಯ ಹೆಸರನ್ನೇ ತಪ್ಪಾಗಿ ಓದುತ್ತಿದೆ

ಇಂಗ್ಲಿಷ್ ಪುಟದಲ್ಲಿ "ಕನ್ನಡ" ಅಂತ ಕನ್ನಡ ಅಕ್ಷರದಲ್ಲಿ ಲಿಂಕ್ ಇದೆ. ಎಚ್‌ರೆಫ್‌ಲ್ಯಾಂಗ್ ಕೆಎನ್ ಅಂತಲೂ ಇದೆ. ಆದರೂ ಇಂಗ್ಲಿಷ್ ದನಿ ಅದನ್ನು ಓದಲು ಹೋಗಿ ತಡವರಿಸುತ್ತದೆ, ಇಲ್ಲವೇ ಬಿಟ್ಟೇ ಹೋಗುತ್ತದೆ. ಕಾರಣ, ಎಚ್‌ರೆಫ್‌ಲ್ಯಾಂಗ್ ದನಿ ಬದಲಿಸುವುದಿಲ್ಲ. ಲಿಂಕಿನ ಪದವೂ ಕನ್ನಡ, ಹೋಗುವ ಪುಟವೂ ಕನ್ನಡವಾದರೆ ಲ್ಯಾಂಗ್ ಮತ್ತು ಎಚ್‌ರೆಫ್‌ಲ್ಯಾಂಗ್ ಎರಡೂ ಹಾಕಬೇಕು. ಕನ್ನಡ ಪದಗಳ ಲಿಂಕ್ ಇಂಗ್ಲಿಷ್ ಪುಟಕ್ಕೆ ಹೋಗುವುದಾದರೆ ಎಚ್‌ರೆಫ್‌ಲ್ಯಾಂಗ್ ಮಾತ್ರ ಇಎನ್. ಅಲ್ಲಿ ಲ್ಯಾಂಗ್ ಕೂಡ ಇಎನ್ ಮಾಡಿಬಿಟ್ಟರೆ ಚೆನ್ನಾಗಿ ಓದುತ್ತಿದ್ದದ್ದೂ ಕೆಡುತ್ತದೆ.

ಪರೀಕ್ಷೆಗೆ ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ ಸಾಕು, ಉಚಿತ. ಅದರ ಜೊತೆಗೆ ಬರುವ ಇಸ್ಪೀಕ್ ಅನ್ನುವ ದನಿಯ ತಂತ್ರಾಂಶದಲ್ಲಿ ಕನ್ನಡ ದನಿ ಇದೆ. ಭಾಷೆ ತಾನಾಗಿ ಬದಲಾಗುವ ಆಯ್ಕೆ ಆನ್ ಇದೆಯಾ ನೋಡಿಕೊಳ್ಳಿ, ಇಲ್ಲದಿದ್ದರೆ ಸರಿ ಇರುವ ಪುಟವನ್ನೂ ತಪ್ಪು ಅಂದುಕೊಳ್ಳುತ್ತೀರಿ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಇದೆ. ಅಂಗವಿಕಲರೂ ಸೈಟ್ ಬಳಸುವಂತಿರಬೇಕು ಅಂತ ಮಾಡಿದ 2008ರ ಡಬ್ಲ್ಯುಸಿಎಜಿ 2.0 ಮಾರ್ಗಸೂಚಿಯಲ್ಲೇ ಪುಟದ ಭಾಷೆ, ಪುಟದೊಳಗಿನ ತುಣುಕುಗಳ ಭಾಷೆ, ಎರಡನ್ನೂ ಗುರುತಿಸಬೇಕು ಅಂತ ಇದೆ. ದಯವಿಟ್ಟು ಇದನ್ನು ಕೊನೆಗೆ ಮಾಡುವ ಕೆಲಸ ಅಂತ ಇಟ್ಟುಕೊಳ್ಳಬೇಡಿ. ಕಣ್ಣು ಕಾಣದ ಕನ್ನಡಿಗರಿಗೆ ನಿಮ್ಮ ಕನ್ನಡ ಪುಟದ ಬಾಗಿಲು ತೆರೆಯುವುದು ಈ ಒಂದು ಪದವೇ.

ಭಾಷೆ ಆರಿಸುವ ಜಾಗ ಯಾರಿಗೂ ಅರ್ಥವಾಗುತ್ತಿಲ್ಲ

ಅಲ್ಲಿ ಬಾವುಟ ಇದೆಯಾ? ತೆಗೆಯಿರಿ. ತ್ರಿವರ್ಣ ಧ್ವಜ ಹಾಕಿದರೆ ಕನ್ನಡವಾ, ಹಿಂದಿಯಾ, ತಮಿಳಾ? ಇಂಗ್ಲಿಷ್‌ಗೆ ಬ್ರಿಟನ್ ಬಾವುಟ ಯಾಕೆ? ಬಾವುಟ ದೇಶಕ್ಕೆ, ಭಾಷೆಗಲ್ಲ. ಭಾಷೆಯ ಹೆಸರನ್ನು ಆ ಭಾಷೆಯಲ್ಲೇ, ಅದರ ಲಿಪಿಯಲ್ಲೇ ಬರೆಯಿರಿ. ತಮಿಳು ಓದುವವರಿಗೆ "ತಮಿಳು" ಅಂತ ಕನ್ನಡದಲ್ಲಿ ಬರೆದು ಏನು ಉಪಯೋಗ? ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಇರುವ ಶಾಸನಗಳನ್ನು ನೋಡಿದ್ದೀರಾ? ಚಾವುಂಡರಾಯ ಮಾಡಿಸಿದ ಅನ್ನುವ ಒಂದೇ ಸಂಗತಿ ಕನ್ನಡದಲ್ಲಿ, ತಮಿಳಿನಲ್ಲಿ, ಮರಾಠಿಯಲ್ಲಿ ಇದೆ. ಕನ್ನಡದ್ದು "ಶ್ರೀ ಚಾಮುಂಡರಾಜಂ ಮಾಡಿಸಿದಂ". ತಮಿಳಿನದು ತಮಿಳರು ಓದುತ್ತಿದ್ದ ಲಿಪಿಯಲ್ಲಿ, ಮರಾಠಿಯದು ನಾಗರಿಯಲ್ಲಿ. ಬಂದವರು ತಮ್ಮ ಸಾಲನ್ನು ತಾವೇ ಗುರುತಿಸಿಕೊಳ್ಳಬಹುದು. ನಮ್ಮ ಜಿಲ್ಲೆಯಲ್ಲೇ ಇಷ್ಟು ಒಳ್ಳೆಯ ಮಾದರಿ ಇದೆ.

ಎಡವಟ್ಟು ಅನ್ನಿಸಬಾರದು, ಹಾಗಾಗಿ ಎರಡು ನಿಯಮ ಬೇರೆ ಬೇರೆ ಅಂತ ಹೇಳಿಬಿಡುತ್ತೇನೆ. ಬರಹದ ನಡುವೆ ಬರುವ ಲಿಂಕಿನಲ್ಲಿ "(ಇಂಗ್ಲಿಷ್ ಪುಟ)" ಅಂತ ಈಗಿನ ಓದುಗರ ಭಾಷೆಯಲ್ಲಿ ಬರೆಯಬೇಕು, ಎಚ್ಚರಿಕೆ ಇರುವುದು ಅವರಿಗೆ. ಭಾಷೆ ಆರಿಸುವ ಜಾಗದಲ್ಲಿ ಆಯಾ ಭಾಷೆಯಲ್ಲೇ ಬರೆಯಬೇಕು, ಅದನ್ನು ಹುಡುಕುವವರಿಗೆ ಈಗಿನ ಪುಟದ ಭಾಷೆ ಬಾರದಿರಬಹುದು.

ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕಿದರೂ ಇಂಗ್ಲಿಷ್ ಪುಟವೇ ಮೇಲೆ ಬರುತ್ತಿದೆ

ಬರಹದ ನಡುವಿನ ಲಿಂಕಿಗೆ ಎಷ್ಟು ಎಚ್‌ರೆಫ್‌ಲ್ಯಾಂಗ್ ಹಾಕಿದರೂ ಇಲ್ಲಿ ಉಪಯೋಗವಿಲ್ಲ. ಗೂಗಲ್ ಹೇಳುವ ದಾರಿ ಮೂರು: ಹೆಡ್ ಒಳಗಿನ ಆಲ್ಟರ್ನೇಟ್ ಲಿಂಕ್ ಸಾಲುಗಳು, ಎಚ್‌ಟಿಟಿಪಿ ಹೆಡರ್, ಸೈಟ್‌ಮ್ಯಾಪ್ (ಸೈಟಿನ ಪುಟಗಳ ಪಟ್ಟಿ ಇರುವ ಫೈಲು). ಯಾವುದಾದರೂ ಒಂದು ಸಾಕು. ವಿಳಾಸ ಪೂರ್ತಿ ಇರಬೇಕು, ಎಚ್‌ಟಿಟಿಪಿಎಸ್‌ನಿಂದ ಹಿಡಿದು. ಪುಟ ತನ್ನನ್ನೂ ಪಟ್ಟಿಯಲ್ಲಿ ಸೇರಿಸಿಕೊಳ್ಳಬೇಕು. ಕನ್ನಡ ಪುಟ ಇಂಗ್ಲಿಷ್ ಪುಟವನ್ನು ತೋರಿಸಿದರೆ ಇಂಗ್ಲಿಷ್ ಪುಟವೂ ಕನ್ನಡ ಪುಟವನ್ನು ತೋರಿಸಬೇಕು, ಇಲ್ಲದಿದ್ದರೆ ಗೂಗಲ್ ಆ ಜೋಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇರಬಹುದು. ಯಾವ ಭಾಷೆಗೂ ಸೇರದವರಿಗೆ ತೋರಿಸುವ ಪುಟಕ್ಕೆ ಎಕ್ಸ್-ಡೀಫಾಲ್ಟ್ ಅನ್ನುವ ಗುರುತು 2013ರಿಂದ ಇದೆ.

ಇದೆಲ್ಲ ಸರಿ ಇದ್ದೂ ಕೆಲಸ ಆಗದಿದ್ದರೆ ಎರಡು ಕಡೆ ನೋಡಿ. ಒಂದು, ಕೆನಾನಿಕಲ್ ಸಾಲು, ಅಂದರೆ ಈ ಪುಟದ ಅಸಲಿ ವಿಳಾಸ ಯಾವುದು ಅಂತ ಹೇಳುವ ಸಾಲು. ಕನ್ನಡ ಪುಟದ ಕೆನಾನಿಕಲ್ ಇಂಗ್ಲಿಷ್ ಪುಟದ ವಿಳಾಸ ಆಗಿದ್ದರೆ "ನಾನು ಅದರ ನಕಲು, ಅದನ್ನೇ ತೋರಿಸಿ" ಅಂತ ಕನ್ನಡ ಪುಟವೇ ಹೇಳಿದ ಹಾಗೆ. ಪ್ರತಿ ಭಾಷೆಯ ಪುಟಕ್ಕೂ ಕೆನಾನಿಕಲ್ ಅದರದ್ದೇ ಆಗಿರಬೇಕು. ಇನ್ನೊಂದು, ಹೆಡ್ ಬೇಗ ಮುಚ್ಚಿಕೊಂಡಿರುವುದು. ಇದನ್ನು ಹಿಡಿಯುವುದು ಸ್ವಲ್ಪ ಕಷ್ಟ. ಯಾವುದೋ ಪ್ಲಗಿನ್ ಹೆಡ್ ಒಳಗೆ ಚಿತ್ರವನ್ನೋ ಡಿವ್ ಅನ್ನುವ ಚೌಕಟ್ಟಿನ ಗುರುತನ್ನೋ ಹಾಕಿರುತ್ತದೆ. ಅವು ಅಲ್ಲಿ ಇರುವಂತಿಲ್ಲ, ಹಾಗಾಗಿ ಬ್ರೌಸರ್ ಹೆಡ್ ಮುಗಿಯಿತು ಅಂತ ಅಲ್ಲೇ ಮುಚ್ಚಿ, ಮುಂದಿನ ಸಾಲುಗಳನ್ನೆಲ್ಲ ಬಾಡಿ ಅನ್ನುವ, ಪುಟದ ಕಾಣುವ ಭಾಗದೊಳಗೆ ಹಾಕುತ್ತದೆ. ವ್ಯೂ ಸೋರ್ಸ್‌ನಲ್ಲಿ ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ, ಅದು ಸರ್ವರ್ ಕಳಿಸಿದ ರೂಪ. ಬಲಗಡೆ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್ ತೆರೆದರೆ ಬ್ರೌಸರ್ ಕಟ್ಟಿಕೊಂಡ ರೂಪ ಸಿಗುತ್ತದೆ. ಆಲ್ಟರ್ನೇಟ್ ಸಾಲುಗಳು ಅಲ್ಲಿ ಬಾಡಿಯೊಳಗೆ ಬಿದ್ದಿದ್ದರೆ ಆ ಪ್ಲಗಿನ್ ತೆಗೆಯಿರಿ, ಇಲ್ಲವೇ ಆಲ್ಟರ್ನೇಟ್ ಸಾಲುಗಳನ್ನು ಅದಕ್ಕಿಂತ ಮೇಲೆ ತನ್ನಿ.

ಭಾಷೆ ನೋಡಿ ತಳ್ಳುವ ರೀಡೈರೆಕ್ಟ್ ಇಲ್ಲೂ ಕಾಟ ಕೊಡುತ್ತದೆ. ಪುಟಗಳನ್ನು ಓದಿಕೊಂಡು ಹೋಗುವ ಗೂಗಲ್‌ನ ಬಾಟ್ ಅಕ್ಸೆಪ್ಟ್-ಲ್ಯಾಂಗ್ವೇಜ್ ಕಳಿಸುವುದಿಲ್ಲ. ಭಾಷೆ ಹೇಳದವರನ್ನೆಲ್ಲ ಇಂಗ್ಲಿಷ್‌ಗೆ ಕಳಿಸುವ ಸೈಟಾದರೆ ಬಾಟ್ ನಿಮ್ಮ ಕನ್ನಡ ಪುಟವನ್ನು ನೋಡುವುದೇ ಇಲ್ಲ. ಸೈಟಿನವರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಮೊದಲು ಇಂಟರ್‌ನ್ಯಾಷನಲ್ ಟಾರ್ಗೆಟಿಂಗ್ ಅಂತ ಒಂದು ವರದಿ ಇತ್ತು, ಎಚ್‌ರೆಫ್‌ಲ್ಯಾಂಗ್ ತಪ್ಪುಗಳನ್ನು ತೋರಿಸುತ್ತಿತ್ತು. 2022ರಲ್ಲಿ ತೆಗೆದರು. ಹಳೆಯ ಪಾಠಗಳಲ್ಲಿ ಅದರ ಹೆಸರು ನೋಡಿ ಹುಡುಕುತ್ತಾ ಕೂರಬೇಡಿ. ಅಲ್ಲೇ ಇರುವ ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ಕನ್ನಡ ಪುಟದ ವಿಳಾಸ ಹಾಕಿ, ಗೂಗಲ್ ಯಾವುದನ್ನು ಕೆನಾನಿಕಲ್ ಅಂತ ಆರಿಸಿದೆ ನೋಡಿ.

ಎಲ್ಲ ಸರಿಮಾಡಿದ ಮೇಲೆ

ಭಾಷೆ ಬದಲಿಸುವ ಲಿಂಕ್ ಮುಖಪುಟಕ್ಕೆ ಹೋಗುತ್ತಿದೆಯಾ, ಅದೇ ಪುಟದ ಇನ್ನೊಂದು ರೂಪಕ್ಕೆ ಹೋಗುತ್ತಿದೆಯಾ ಅಂತ ಒತ್ತಿ ನೋಡಿ. ಶೆಟ್ಟಿಹಳ್ಳಿ ಚರ್ಚಿನ ಪುಟ ಓದುತ್ತಿದ್ದವರನ್ನು ಮುಖಪುಟಕ್ಕೆ ತಂದು ಬಿಟ್ಟರೆ ಅವರು ಮತ್ತೆ ಮೊದಲಿಂದ ಹುಡುಕಬೇಕು. ಆ ಭಾಷೆಯಲ್ಲಿ ಆ ಪುಟ ಇಲ್ಲದಿದ್ದರೆ ಲಿಂಕನ್ನೇ ತೋರಿಸಬೇಡಿ, ಅಥವಾ "ಈ ಪುಟ ತಮಿಳಿನಲ್ಲಿ ಇನ್ನೂ ಇಲ್ಲ" ಅಂತ ತಮಿಳಿನಲ್ಲೇ ಬರೆಯಿರಿ. ಹೊರಗಿನ ಸೈಟ್‌ಗಳ ಲಿಂಕ್‌ಗಳನ್ನು ಆಗಾಗ ತೆರೆದು ನೋಡುತ್ತಿರಿ. ಇಂಗ್ಲಿಷ್‌ನಲ್ಲಿ ಮಾತ್ರ ಇದ್ದ ಇಲಾಖೆಯ ಪುಟ ಕನ್ನಡಕ್ಕೆ ಬಂದಿರಬಹುದು, ಕನ್ನಡದ್ದು ತೆಗೆದುಹೋಗಿರಬಹುದು. ಆ ಕಡೆ ಬದಲಾದಾಗ ನಿಮ್ಮ ಲಿಂಕಿನ ಪಕ್ಕದ ಪದವನ್ನೂ ಬದಲಿಸಿ.